ದಿವಾನ್ ಶೇಷಾದ್ರಿ ಅಯ್ಯರ್

ಕಾಕನಕೋಟೆಯ ಕಾಡುಗಳ ನಡುವೆ ಹರಿದುಬರುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ಅವಳ ಹೆಸರಿನಲ್ಲಿಯೇ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ಆ ಧುಮುಕನ್ನು ದುಡಿಮೆಗೆ ಹಚ್ಚಿದ ದಿವಾನರು ಸರ್ ಕೆ. ಶೇಷಾದ್ರಿ ಅಯ್ಯರ್.

ಪಾಲ್ಘಾಟಿನ ಸಮೀಪದ ಕುಮಾರಪುರದಲ್ಲಿ 1845ರಲ್ಲಿ ಜನಿಸಿದ ಅವರು ಮದರಾಸಿನಲ್ಲಿ ಬಿ.ಎ. ಮುಗಿಸಿ, 1868ರಲ್ಲಿ ರಂಗಾಚಾರ್ಲು ಅವರ ಪ್ರೇರಣೆಯಿಂದ ಮೈಸೂರಿಗೆ ಬಂದರು. ಸರ್ಕಾರಿ ಕೆಲಸದಲ್ಲಿದ್ದುಕೊಂಡೇ ಬಿ.ಎಲ್. ಪದವಿಯನ್ನೂ ಗಳಿಸಿದರು. 1883ರಲ್ಲಿ ರಂಗಾಚಾರ್ಲು ನಿಧನರಾದಾಗ ದಿವಾನಗಿರಿ ಇವರಿಗೆ ಒಲಿಯಿತು. ಆಗ ಮೂವತ್ತೆಂಟೂ ತುಂಬಿರಲಿಲ್ಲ. 1876–78ರ ಕ್ಷಾಮದ ಪೆಟ್ಟಿನಿಂದ ನಾಡು ಇನ್ನೂ ಚೇತರಿಸಿಕೊಂಡಿರಲಿಲ್ಲ.

ಅವರ ಕಾನೂನುಬುದ್ಧಿಯ ನಿಜವಾದ ಒರೆಗಲ್ಲು, ನನ್ನ ಮಟ್ಟಿಗೆ, 1894ರ ವಿವಾಹಶಾಸನ. ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದವರು ಹದಿನಾಲ್ಕರೊಳಗಿನ ಬಾಲೆಯರನ್ನು ವರಿಸುವುದನ್ನೂ ಅದು ನಿಷೇಧಿಸಿತು. ಎಂಟೆಂಬುದು ಇಂದು ಎಷ್ಟು ಅಲ್ಪವೆನಿಸುತ್ತದೆ! ಆದರೆ ಬ್ರಿಟಿಷ್ ಇಂಡಿಯಾಕ್ಕೆ ಶಾರದಾ ಕಾನೂನು ಬಂದದ್ದು 1929ರಲ್ಲಿ.

ಅಧಿಕಾರವನ್ನೆಲ್ಲ ತಮ್ಮ ಮುಷ್ಟಿಯಲ್ಲಿಟ್ಟುಕೊಂಡರು, ಉದ್ಯೋಗಗಳನ್ನು ಮದರಾಸಿನವರಿಗೆ ಕೊಟ್ಟರು ಎಂಬ ದೂರುಗಳು ಅವರ ಮೇಲಿದ್ದುವು. ಅವು ನಿರಾಧಾರವೇನಲ್ಲ. ಹದಿನೆಂಟು ವರ್ಷ ಒಬ್ಬರೇ ಚುಕ್ಕಾಣಿ ಹಿಡಿದರೆ ದೋಣಿಯೂ ಅವರದೇ ಎನಿಸುವುದು ಸಹಜ. ಆದರೆ ಸಂಸ್ಥಾನದ ಇಂಜಿನಿಯರ್ ಡಿ ಲಾಟ್‌ಬಿನಿಯೇರ್ ಜಲಪಾತದಿಂದ ವಿದ್ಯುತ್ತನ್ನು ಪಡೆಯುವ ಯೋಜನೆ ಮುಂದಿಟ್ಟಾಗ, ಅಷ್ಟು ದೊಡ್ಡ ಸಾಹಸಕ್ಕೆ ಬೆಂಬಲವಾಗಿ ನಿಂತದ್ದೂ ಅದೇ ದೃಢಹಸ್ತ.

ಅನಾರೋಗ್ಯದಿಂದ 1901ರಲ್ಲಿ ನಿವೃತ್ತರಾದರು. ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದ್ದು 1902ರ ಜೂನ್ 30ರಂದು. ಹಿಂದಿನ ವರ್ಷ ಸೆಪ್ಟೆಂಬರ್ 13ರಂದೇ ಅವರು ತೀರಿಕೊಂಡಿದ್ದರು.