ಸಹಕಾರದ ಹಿರಿಯ ರೈಫೈಸನ್

ನಮ್ಮ ಸಂಘದ ಬೆಳ್ಳಿಹಬ್ಬದಲ್ಲಿ ಹಳ್ಳಿ ಸಾಲದ ಸಂಘಗಳಿಗೆ ದಾರಿ ತೋರಿದ ಜರ್ಮನಿಯ ರೈಫೈಸನ್ ಅವರನ್ನು ಸ್ಮರಿಸುವುದು ನಮ್ಮ ಕರ್ತವ್ಯ.

1818ರಲ್ಲಿ ಹುಟ್ಟಿದ ಇವರು ದೈವಭಕ್ತ ಕ್ರೈಸ್ತರು. ಕಣ್ಣಿನ ಕಾಯಿಲೆಯಿಂದ ಸೈನ್ಯ ಬಿಟ್ಟು, 1845ರಲ್ಲಿ ವೈಯರ್‌ಬುಷ್ ಎಂಬಲ್ಲಿ ಮೇಯರ್ ಆದರು. 1846-47ರಲ್ಲಿ ಬೆಳೆ ಕೈಕೊಟ್ಟು ಜನ ಹಸಿದಾಗ ಉಳ್ಳವರಿಂದ ಹಣ ಕೂಡಿಸಿ, ಬಡವರಿಗೆ ಕಡದ ಮೇಲೆ ಬ್ರೆಡ್ಡು ಕೊಡಿಸಿದರು. ನೆರೆಯವರ ಕಷ್ಟಕ್ಕೆ ಆಗುವುದು ದೇವರು ಹೊರಿಸಿದ ಕರ್ತವ್ಯ ಅಂತ ನಂಬಿದ್ದರು.

ಆದರೆ ಬರೀ ದಾನ ಎಷ್ಟು ದಿನ ನಡೆದೀತು? ಕೊಡೋರ ಕೈ ಸೋತರೆ ಬಡವರಿಗೆ ಮತ್ತೆ ಬಡ್ಡಿ ಸಾಹುಕಾರನ ಬಾಗಿಲೇ ಗತಿ. ಇದನ್ನು ಮನಗಂಡು 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ, ಸಾಲ ಬೇಕಾದವರೇ ಸದಸ್ಯರಾಗುವ ಸಂಘ ಕಟ್ಟಿದರು. ಸಂಘದ ಸಾಲಕ್ಕೆ ಸದಸ್ಯರೆಲ್ಲಾ ಹೊಣೆ. ಕಣ್ಣು ಮಂಜಾದರೂ ಮಗಳು ಅಮಾಲಿಯ ನೆರವಿನಿಂದ ಕೆಲಸ ಮುಂದುವರಿಸಿ, 1888ರಲ್ಲಿ ತೀರಿಕೊಂಡರು.

ನಮ್ಮ ದೇಶದ 1904ರ ಸಹಕಾರ ಕಾಯಿದೆಗೆ ಅವರ ಮಾದರಿಯೇ ಆಧಾರವಾಯ್ತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಕಡಬದ ನಾವೂ ಅದೇ ದಾರಿಯವರು. ಯಾವ ದೇವರಿಗೆ ಕೈ ಮುಗಿದರೂ ಸರಿ, ನಾವು ತಗೊಂಡ ಸಾಲ ಹೊತ್ತಿಗೆ ಸರಿಯಾಗಿ ಕಟ್ಟಿದರೆ ನೆರೆಯವರ ಹೊಲಕ್ಕೆ ಬೀಜ ಬೀಳುತ್ತೆ.