ನುಸಿಗೆ ಹೆಸರಿಟ್ಟ ರಾಮಕೃಷ್ಣ ಅಯ್ಯರ್

ಮೆಣಸಿನ ಗಿಡದ ಎಲೆ ಮೇಲ್ಮುಖವಾಗಿ ಮುರುಟುವುದನ್ನು ಕೊಲ್ಲಾಪುರ ಸೀಮೆಯ ಗಡಹಿಂಗ್ಲಜದ ರೈತರೂ ಬಲ್ಲರು, ನಮ್ಮ ಕಾಸರಗೋಡಿನ ಗೃಹಿಣಿಯರೂ ಬಲ್ಲರು. ಎಳೆ ಎಲೆಯನ್ನು ಕೆರೆದು ರಸ ಹೀರುವ, ಮಿಲಿಮೀಟರಿನಷ್ಟೇ ಉದ್ದದ ಥ್ರಿಪ್ಸ್ ನುಸಿ ಇದಕ್ಕೊಂದು ಕಾರಣ. ಕೊಯಮತ್ತೂರಿನಿಂದ ಹೋದ ಮಾದರಿಗಳನ್ನು ನೋಡಿ ಅಮೆರಿಕದ ಹುಡ್ 1919ರಲ್ಲಿ ಅದನ್ನು ಹೊಸ ಜಾತಿಯೆಂದು ವಿವರಿಸಿದರು. ನಮ್ಮ ಕೀಟವೂ ಹೆಸರಿಗಾಗಿ ಕಡಲು ದಾಟಬೇಕಿದ್ದ ಕಾಲವದು.

ಈ ಪರಾಧೀನತೆಯನ್ನು ತಗ್ಗಿಸಿದವರಲ್ಲಿ ಪ್ರಮುಖರು ದಿವಂಗತ ಟಿ. ವಿ. ರಾಮಕೃಷ್ಣ ಅಯ್ಯರ್. ಕಾಸರಗೋಡು ಮದರಾಸು ಪ್ರಾಂತಕ್ಕೆ ಸೇರಿದ್ದಾಗ ಅವರು ಕೊಯಮತ್ತೂರಿನಲ್ಲಿ ಸರಕಾರಿ ಕೀಟಶಾಸ್ತ್ರಜ್ಞರಾಗಿದ್ದರು. ಭಾರತದ ಥ್ರಿಪ್ಸ್ ನುಸಿಗಳ ಬಗೆಗಿನ ಅವರ ದೊಡ್ಡ ಪ್ರಬಂಧ 1928ರಲ್ಲಿ ಹೊರಬಂತು. ಏಲಕ್ಕಿ ಕಾಯಿಗೆ ಕಜ್ಜಿ ಹಿಡಿಸುವ ನುಸಿಯನ್ನು 1935ರಲ್ಲಿ ತಾವೇ ವಿವರಿಸಿ ಹೆಸರಿಟ್ಟರು. ಆ ಹೆಸರಿನ ಬೆನ್ನಿಗೆ ರಾಮಕೃಷ್ಣ ಎಂದು ಇಂದಿಗೂ ಬರೆಯುತ್ತಾರೆ. 1940ರಲ್ಲಿ ದಕ್ಷಿಣ ಭಾರತದ ಬೆಳೆಕೀಟಗಳ ಕೈಪಿಡಿಯನ್ನೂ ಕೊಟ್ಟರು.

ಗಿಡ ಮುರುಟಿದರೆ ಬಿಸಿಲನ್ನೋ ದೃಷ್ಟಿಯನ್ನೋ ದೂರುವುದು ಸುಲಭ. ಭೂತಗನ್ನಡಿ ಹಿಡಿದು ಕಳ್ಳನನ್ನು ಗುರುತಿಸುವುದು ಕಷ್ಟದ ಕೆಲಸ. ಅಯ್ಯರರು ಆ ಕೆಲಸವನ್ನು ಆರಿಸಿಕೊಂಡರು. ಕಳ್ಳನ ಗುರುತು ಸಿಕ್ಕಿದ ಮೇಲಲ್ಲವೇ ಮದ್ದಿನ ಮಾತು?