ಪ್ಲೇಗ್ ಲಸಿಕೆಯ ಹಾಫ್‌ಕಿನ್

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಮುಂದೆ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಹಬ್ಬಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು; ರಾಮದುರ್ಗ ಪುಟ್ಟ ಸಂಸ್ಥಾನ. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುವುದೇ ಜನರಿಗಿದ್ದ ದಾರಿ. ಮತ್ತೊಂದು ದಾರಿ ತೋರಿದವರು ವಾಲ್ಡೆಮಾರ್ ಹಾಫ್‌ಕಿನ್.

1860ರಲ್ಲಿ ಒಡೆಸ್ಸಾದ ಯೆಹೂದಿ ಕುಟುಂಬದಲ್ಲಿ ಜನಿಸಿದ ಅವರು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ಸಿದ್ಧಪಡಿಸಿ 1893ರಲ್ಲಿ ಭಾರತಕ್ಕೆ ಬಂದರು. ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಪ್ಲೇಗ್ ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು. ದೇಹ ಕೆಲಸಕ್ಕೆ ತೊಡಗಿದ ಗುರುತು ಅದು. ಸತ್ತ ರೋಗಾಣುವನ್ನೂ ದೇಹ ಪರಕೀಯವೆಂದು ಗುರುತಿಸುತ್ತದೆ. ಬಿಳಿ ರಕ್ತಕಣಗಳು ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸುತ್ತವೆ, ಕೆಲವು ಕಣಗಳು ಆ ಗುರುತನ್ನು ನೆನಪಿಟ್ಟುಕೊಳ್ಳುತ್ತವೆ. ಜೀವಂತ ರೋಗಾಣು ಬಂದಾಗ ದೇಹ ಸಜ್ಜಾಗಿರುತ್ತದೆ. ಈ ಲಸಿಕೆಯ ರಕ್ಷಣೆ ಪೂರ್ಣವಲ್ಲ, ಬಹುಕಾಲದ್ದೂ ಅಲ್ಲ. ಆದರೂ ಲಸಿಕೆ ಪಡೆದವರಲ್ಲಿ ಸಾವು ಕಡಿಮೆಯಾಯಿತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಹಾಕಿಸಿಕೊಂಡರು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಮೃತಪಟ್ಟರು. ಅವರಿಗೆಲ್ಲ ಒಂದೇ ಬಾಟಲಿಯ ಲಸಿಕೆ ಕೊಡಲಾಗಿತ್ತು. ಹೊಣೆ ಹಾಫ್‌ಕಿನ್‌ರ ಮೇಲೆ ಬಿತ್ತು, ಹುದ್ದೆ ಹೋಯಿತು. ಬಾಟಲಿ ಕೆಟ್ಟದ್ದು ಪ್ರಯೋಗಾಲಯದಲ್ಲಲ್ಲ, ಗ್ರಾಮದಲ್ಲಿ ತೆರೆಯುವಾಗ ಎಂದು ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರ ನಿಂತರು. ಕಳಂಕ ತೊಲಗಿದ್ದು 1907ರಲ್ಲಿ. ಐದು ವರ್ಷ ಸಣ್ಣ ಅವಧಿಯೇ? ಮರಳಿ ಬಂದಾಗಲೂ ಸಿಕ್ಕಿದ್ದು ಕಲ್ಕತ್ತ, ಮುಂಬಯಿಯ ತಮ್ಮ ಪ್ರಯೋಗಾಲಯವಲ್ಲ.

ಆ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರಿಡಲಾಯಿತು. ಕೊನೆಯವರೆಗೂ ಯೆಹೂದಿ ಧರ್ಮನಿಷ್ಠರಾಗಿದ್ದ ಹಾಫ್‌ಕಿನ್ 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ನಿಧನರಾದರು.